ಬಲವೊಂದೇ ಸಾಲದು

ಆಗಸದಲ್ಲಿ ಲಾಗ ಹಾಕುವ ಪುಟ್ಟ ವಿಮಾನಕ್ಕೆ ಎಂತಹ ಎಂಜಿನ್ ಬೇಕು? ‘ಬಲವಾದುದು’ ಎಂದು ನೀವು ಥಟ್ಟನೆ ಹೇಳಬಹುದು. ಆದರೆ ಬಲದೊಡನೆ ಭಾರವೂ ಬರುತ್ತದೆ. ಮೂತಿ ಭಾರವಾದರೆ ಸಮತೋಲ ಕೆಡುತ್ತದೆ. ವಿಮಾನವು ತಲೆಕೆಳಗಾದಾಗಲೂ ಎಂಜಿನ್ನಿಗೆ ಇಂಧನ, ಎಣ್ಣೆಗಳು ತಪ್ಪದೆ ಒದಗಬೇಕು.

ಗಾಳಿಯನ್ನು ಹಿಂದಕ್ಕೆ ತಳ್ಳುವ ಪ್ರೊಪೆಲ್ಲರಿನ ಮಾತೂ ಹೀಗೆಯೇ. ಅಲಗುಗಳ ಓರೆ ಬದಲಾಗದ ಪ್ರೊಪೆಲ್ಲರು ಹಗುರ, ಸರಳ. ಆದರೆ ವಿಮಾನ ಧುಮುಕುವಾಗ ಅದು ಮಿತಿಮೀರಿ ತಿರುಗದಂತೆ ಚಾಲಕನೇ ಎಚ್ಚರ ವಹಿಸಬೇಕು. ಓರೆಯನ್ನು ತಾನಾಗಿಯೇ ಹೊಂದಿಸಿಕೊಂಡು ಒಂದೇ ವೇಗದಲ್ಲಿ ತಿರುಗುವ ಪ್ರೊಪೆಲ್ಲರು ಈ ಚಿಂತೆಯನ್ನು ಕಳೆಯುತ್ತದೆ. ಆದರೆ ಅದು ಭಾರ, ದುಬಾರಿ.

ಅಮೆರಿಕದ ಕರ್ಟಿಸ್ ಪಿಟ್ಸ್ ನಿರ್ಮಿಸಿದ ವಿಮಾನವೊಂದರಲ್ಲಿ ಕೇವಲ 85 ಅಶ್ವಶಕ್ತಿಯ ಎಂಜಿನ್ ಇತ್ತು. ಅದರಲ್ಲಿಯೇ ಬೆಟ್ಟಿ ಸ್ಕೆಲ್ಟನ್ ಎಂಬ ತರುಣಿ 1949 ಮತ್ತು 1950ರಲ್ಲಿ ಮಹಿಳೆಯರ ವಿಮಾನಕಸರತ್ತಿನ ಸ್ಪರ್ಧೆಯಲ್ಲಿ ಗೆದ್ದಳು. ಹಗುರವಾದ ಆ ಒಡಲಿಗೆ ಅಷ್ಟು ಬಲವೇ ಸಾಕಾಗಿತ್ತು. ಒಡಲನ್ನು ಅರಿತು ಬಲವನ್ನು ಆರಿಸುವುದೇ ಜಾಣತನ.