ಸಣ್ಣ ಉದ್ದಿಮೆಯಲ್ಲಿ ಒಳ್ಳೆಯ ಪದ್ಧತಿ ಬೆಳೆಸುವುದು ಹೇಗೆ?

(ಸದಸ್ಯರ ಅಧ್ಯಯನಕ್ಕಾಗಿ)



ಹತ್ತು ಎಕರೆ ಕಾಫಿ, ನಡುವೆ ಮೆಣಸಿನ ಬಳ್ಳಿ, ಹಳ್ಳದ ಬದಿಗೆ ಎರಡು ಎಕರೆ ಅಡಿಕೆ. ಇದನ್ನು ನಾವು ತೋಟವೆಂದು ಕರೆಯುತ್ತೇವೆಯೇ ಹೊರತು ಉದ್ದಿಮೆಯೆಂದು ಕರೆಯುವ ರೂಢಿಯಿಲ್ಲ. ಆದರೆ ಬಂಡವಾಳ, ಸಾಲ, ಯಂತ್ರ, ದಾಸ್ತಾನು, ಕೂಲಿಗೆ ದುಡಿಯುವ ಜನ, ಧಾರಣೆಯ ಏರಿಳಿತ ಇವೆಲ್ಲ ಇರುವ ಮೇಲೆ ಅದು ಉದ್ದಿಮೆಯೇ ಸರಿ. ಪ್ರತಿಯೊಂದು ಉದ್ದಿಮೆಯಲ್ಲೂ ಒಂದು ಪದ್ಧತಿ ಬೇರೂರಿರುತ್ತದೆ. ಮಾಲೀಕರು ಬಯಸಲಿ, ಬಿಡಲಿ, ಅದು ತಾನಾಗಿಯೇ ಬೆಳೆಯುತ್ತದೆ. ಮಾಲೀಕರು ಎದುರಿಗಿಲ್ಲದಾಗ ಕೆಲಸ ಯಾವ ರೀತಿ ನಡೆಯುತ್ತದೆಯೋ ಅದೇ ಆ ತೋಟದ ನಿಜವಾದ ಪದ್ಧತಿ.

ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಕೊಯ್ಲಿನ ಕಾಲದಲ್ಲಿ ಈಗ ಕೆಲಸಗಾರರೇ ತೋಟವನ್ನು ಆರಿಸಿಕೊಳ್ಳುತ್ತಾರೆ. ಕೂಲಿಯ ದರ ಒಂದೇ ಆಗಿದ್ದರೂ ಒಂದು ತೋಟಕ್ಕೆ ವರ್ಷ ವರ್ಷವೂ ಅದೇ ಜನ ಬರುವುದನ್ನೂ, ಅದರ ಪಕ್ಕದ ತೋಟದಲ್ಲಿ ಹಣ್ಣು ಗಿಡದಲ್ಲೇ ಒಣಗಿ ಉದುರುವುದನ್ನೂ ನಾವು ಕಾಣುತ್ತಿದ್ದೇವೆ. ಎರಡನೆಯದಾಗಿ, ಅನೇಕ ಸದಸ್ಯರ ಮಕ್ಕಳು ಬೆಂಗಳೂರಿನಲ್ಲಿದ್ದು, ಫೋನಿನ ಮೂಲಕವೇ ತೋಟ ನೋಡಿಕೊಳ್ಳುತ್ತಿದ್ದಾರೆ. ಅಂಥ ತೋಟವನ್ನು ಕಾಯುವುದು ಬೇಲಿಯಲ್ಲ, ಪದ್ಧತಿ.

ದೊಡ್ಡ ಎಸ್ಟೇಟಿನಲ್ಲಿ ಮ್ಯಾನೇಜರು, ರೈಟರು, ಮೇಸ್ತ್ರಿ, ಬರೆದಿಟ್ಟ ನಿಯಮ ಎಲ್ಲವೂ ಇರುತ್ತವೆ. ಸಣ್ಣ ತೋಟದಲ್ಲಿ ನಿಯಮ ಪುಸ್ತಕವಿಲ್ಲ. ಮಾಲೀಕರ ನಡತೆಯೇ ಪುಸ್ತಕ. ಅದನ್ನು ಜನ ಮುಖ್ಯವಾಗಿ ನಾಲ್ಕು ಸಂದರ್ಭಗಳಲ್ಲಿ ಓದುತ್ತಾರೆ.

1. ತಕ್ಕಡಿಯ ಬಳಿ

ಕಾಫಿ ಹಣ್ಣಿನ ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವುದು ಸಾಮಾನ್ಯ. ಸಂಜೆ ತೂಕದ ಹೊತ್ತಿನಲ್ಲಿ ಗೋಣಿಗೆಂದು ಇಷ್ಟು, ಒದ್ದೆಗೆಂದು ಇಷ್ಟು ಎಂದು ಅಂದಾಜಿನಲ್ಲಿ ಕಳೆದರೆ ದಿನಕ್ಕೆ ಕೆಲವು ಕಿಲೋ ಉಳಿಯಬಹುದು. ಆದರೆ ಕೊಯ್ಯುವವರಿಗೂ ಲೆಕ್ಕ ಬರುತ್ತದೆ. ಮರುದಿನದಿಂದ ಚೀಲದಲ್ಲಿ ಹಸಿರು ಕಾಯಿ, ಎಲೆ, ಕಡ್ಡಿ ಹೆಚ್ಚಾಗುತ್ತವೆ. ಹಸಿರು ಕಾಯಿ ಪಲ್ಪರಿನಲ್ಲಿ ಸರಿಯಾಗಿ ಸುಲಿಯದು. ಅದು ಬೆರೆತ ಮಾಲಿನ ಗುಣಮಟ್ಟ ಇಳಿಯುತ್ತದೆ. ತಕ್ಕಡಿಯಲ್ಲಿ ಉಳಿಸಿದ್ದು ಮಾರಾಟದಲ್ಲಿ ಹೋಯಿತು.

ಪರಿಹಾರ ಸುಲಭ. ಒಂದು ಖಾಲಿ ಗೋಣಿಯನ್ನು ಎಲ್ಲರೆದುರಿಗೆ ತೂಗಿ ಅಷ್ಟನ್ನೇ ಕಳೆಯಬೇಕು. ಮಳೆ ಬಂದ ದಿನ ಒದ್ದೆ ಗೋಣಿಯನ್ನೇ ತೂಗಬೇಕು. ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಿ, ಕೊಯ್ದವರ ಚೀಟಿಯಲ್ಲೂ ನಮ್ಮ ಪುಸ್ತಕದಲ್ಲೂ ಬರೆಯಬೇಕು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆರಂಭವಾದ ಹಾಲು ಉತ್ಪಾದಕರ ಸಹಕಾರ ಸಂಘದ ಬಲವೂ ಇಲ್ಲಿಯೇ ಇತ್ತು. ಅಳತೆ ಮಾಡಿ, ಕೊಬ್ಬಿನ ಅಂಶ ನೋಡಿ ಹಣ ಕೊಡುವುದು. ಒಂದು ಎಮ್ಮೆ ಇದ್ದವರಿಗೂ ಹತ್ತು ಇದ್ದವರಿಗೂ ಒಂದೇ ಸಾಲು. ನಮ್ಮ ಹಳ್ಳಿಗಳ ಹಾಲಿನ ಡೇರಿಗಳಲ್ಲಿ ಇಂದಿಗೂ ನಡೆಯುವುದು ಅದೇ ಕ್ರಮ.

ನಮ್ಮ ಚರಿತ್ರೆಯನ್ನೇ ನೋಡೋಣ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಂಸ್ಥೆಯಾಗಿ ಕ್ಯಾಂಪ್ಕೊ ಹುಟ್ಟಿತು. ಬೆವರು ಸುರಿಸಿದವನ ಮಾಲಿಗೆ ಬೇರೆಯವರೇ ಬೆಲೆ ಕಟ್ಟುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಮಂಡಿಯ ತಕ್ಕಡಿಯಲ್ಲಿ ನಾವು ಕೇಳುವ ನ್ಯಾಯವನ್ನು ನಮ್ಮ ಕಣದ ತಕ್ಕಡಿಯಲ್ಲಿ ನಾವು ಕೊಡಬೇಡವೇ?

2. ಕೆಲಸ ಕೆಟ್ಟಾಗ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮ ಎಲ್ಲರಿಗೂ ತಿಳಿದಿದೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಹಳೆಯದಾಗಿದ್ದರೆ ಅಳತೆ ಸರಿಯಿದ್ದರೂ ಪಾಕ ಸರಿಯಾಗುವುದಿಲ್ಲ. ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕೆಂದು ಅರ್ಥ. ಹಾಗೆಯೇ ಹೊಡೆದರೆ ಎಳೆಯ ಕಾಯಿ, ಸೋಗೆ ಸುಡಬಹುದು.

ಈಗ ಯೋಚಿಸಿರಿ. ಮಳೆ ಬಿಟ್ಟಿರುವುದು ಅರ್ಧ ದಿನ. ಕೊನೆಗೌಡ ಮರದ ಬುಡದಲ್ಲಿ ಕಾಯುತ್ತಿದ್ದಾನೆ. ಕತ್ತಿಯ ಮೇಲೆ ಕೆಂಪು ಕಂಡ ಕೆಲಸಗಾರ "ಅಯ್ಯಾ, ಪಾಕ ಕೆಟ್ಟಿದೆ" ಎಂದು ಬಂದು ಹೇಳುವನೋ, ಕತ್ತಿ ಒರೆಸಿ ಸುಮ್ಮನಾಗುವನೋ? ಅದು ಹಿಂದಿನ ಬಾರಿ ನಾವು ಆಡಿದ ಮಾತಿನ ಮೇಲೆ ನಿಂತಿದೆ. ಬೈಗುಳ ತಿಂದವನು ಮತ್ತೆ ಹೇಳುವುದಿಲ್ಲ. ಪರಿಣಾಮ ತಿಳಿಯುವುದು ಕಾಯಿ ಉದುರಿದ ಮೇಲೆ. ಆದುದರಿಂದ ತಪ್ಪು ತಂದು ಹೇಳಿದವನಿಗೆ ಮೊದಲು "ಹೇಳಿದ್ದು ಒಳ್ಳೆಯದಾಯಿತು" ಎನ್ನಬೇಕು. ಅನಂತರ ಕಾರಣ ವಿಚಾರಿಸಬೇಕು. ಮುಚ್ಚಿಟ್ಟದ್ದನ್ನು ಮಾತ್ರ ಕ್ಷಮಿಸದೆ ವಿಚಾರಿಸಬೇಕು. ಹಾಗೆಯೇ, ಈ ಮರ ಜಾರುತ್ತದೆ, ಇಂದು ಹತ್ತಲಾಗದು ಎಂದು ಕೊನೆಗೌಡ ಹೇಳಿದರೆ ಅದೇ ಕೊನೆಯ ಮಾತಾಗಬೇಕು. ಅವನನ್ನು ಹೀಯಾಳಿಸಿ ಇನ್ನೊಬ್ಬನನ್ನು ಹತ್ತಿಸುವ ತೋಟದಲ್ಲಿ ಒಂದು ಕೊನೆ ಅಡಿಕೆಗಿಂತ ಮನುಷ್ಯನ ಸೊಂಟ ಅಗ್ಗವೆಂಬ ಪಾಠವನ್ನು ಎಲ್ಲರೂ ಕಲಿಯುತ್ತಾರೆ.

3. ಬಟವಾಡೆಯ ದಿನ

ಬಟವಾಡೆಯ ದಿನ ಬದಲಾಗಬಾರದು. ಕೂಲಿಯನ್ನು ನಗದಾಗಿ ಕೊಟ್ಟರೂ ಬ್ಯಾಂಕಿಗೆ ಹಾಕಿದರೂ ಲೆಕ್ಕವನ್ನು ಓದಿ ಹೇಳಬೇಕು. ಮುಂಗಡ ಎಷ್ಟು, ಹಿಡಿದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ಪಡೆದವರಿಗೂ ತಿಳಿದಿರಬೇಕು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂದು ಕೂಲಿಯಲ್ಲಿ ಭೇದ ಮಾಡಬಾರದೆಂದು 1976ರಲ್ಲೇ ಶಾಸನವಾಯಿತು. ಶಾಸನದ ಭಯಕ್ಕಿಂತ ನ್ಯಾಯದ ದೃಷ್ಟಿಯಿಂದ ಇದನ್ನು ಪಾಲಿಸುವುದು ಲೇಸು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಒಳ್ಳೆಯ ಮಾತು ಕೂಲಿಗೆ ಬದಲಿಯಲ್ಲ. "ನಾವೆಲ್ಲ ಒಂದೇ ಮನೆಯವರು" ಎಂದು ಹೇಳಿ ಕೂಲಿ ತಡಮಾಡುವ ಕಡೆ ಆ ಮಾತೇ ನಗೆಗೀಡಾಗುತ್ತದೆ.

4. ಹೊಸಬರು ಬಂದಾಗ

ಅಸ್ಸಾಮ್, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಬಂದವರು ಇಂದು ನಮ್ಮ ತೋಟಗಳಲ್ಲಿ ದುಡಿಯುತ್ತಿದ್ದಾರೆ. ಭಾಷೆ ಬಾರದವನು ಮಾತಿಗಿಂತ ಹೆಚ್ಚಾಗಿ ನಡತೆಯನ್ನೇ ನೋಡಿ ಕಲಿಯುತ್ತಾನೆ. ಮೊದಲ ವಾರ ಅವನನ್ನು ಯಾರ ಜೊತೆಗೆ ಬಿಡುತ್ತೇವೆ ಎಂಬುದು ಮುಖ್ಯ. ಹಣ್ಣನ್ನಷ್ಟೇ ಆರಿಸಿ ಕೊಯ್ಯುವ, ಗೆಲ್ಲು ಮುರಿಯದ ಹಿರಿಯ ಕೆಲಸಗಾರರ ಜೊತೆಗೆ ಬಿಟ್ಟರೆ ಅದೇ ಅವನ ರೂಢಿಯಾಗುತ್ತದೆ. ಕಲಿಸುವವರು ತೂಕದಲ್ಲಿ ಹಿಂದೆ ಬೀಳುವುದರಿಂದ ಆ ವಾರ ಅವರಿಗೆ ದಿನಗೂಲಿಯನ್ನೇ ಕೊಡುವುದು ಉಚಿತ. ಹೊಸಬನನ್ನು "ಏ ಬಂಗಾಳಿ" ಎನ್ನದೆ ಹೆಸರು ಹಿಡಿದು ಕರೆಯಬೇಕು.

ಒಂದು ನಿದರ್ಶನ

ಕಾಫಿ ಮಂಡಳಿಯ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. 1957ರಲ್ಲಿ ಬೆಂಗಳೂರಿನಲ್ಲಿಯೂ ದೆಹಲಿಯಲ್ಲಿಯೂ ಇವು ಆರಂಭವಾದವು. ಕಾಫಿ ತಂದಿಡುವ ನೌಕರನೇ ಸಂಘದ ಸದಸ್ಯ. ಹೀಗೆ ನಷ್ಟವಾದರೂ ಲಾಭವಾದರೂ ತಮ್ಮದೇ ಎಂದು ತಿಳಿದವರು ಆ ಹೆಸರನ್ನು ಅನೇಕ ದಶಕಗಳ ಕಾಲ ಉಳಿಸಿದರು.

ಎಲ್ಲ ತೋಟಗಳೂ ಸಂಘವಾಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಈ ವರ್ಷ ಎಷ್ಟು ಚೀಲ ಆಯಿತು, ಮಾಲು ಯಾವ ದರ್ಜೆಗೆ ಬಂತು, ಧಾರಣೆ ಎಷ್ಟು ಸಿಕ್ಕಿತು ಎಂಬುದನ್ನು ಕೊಯ್ದವರಿಗೆ ಹೇಳುವುದಕ್ಕೆ ಖರ್ಚೇನೂ ಇಲ್ಲ. ತಾನು ಆರಿಸಿ ಕೊಯ್ದದ್ದು ಎಲ್ಲಿಗೆ ಹೋಯಿತೆಂದು ತಿಳಿದವರು ಮರುವರ್ಷ ಹಸಿರು ಕಾಯಿಗೆ ಕೈ ಹಾಕುವಾಗ ಒಂದು ಕ್ಷಣ ನಿಲ್ಲುತ್ತಾರೆ.

ಗ್ರಾಮ ಸಭೆಗಳಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ತೋಟದಲ್ಲಿ ಗೋಣಿಯ ತೂಕವನ್ನು ಹೇಗೆ ಕಳೆಯುತ್ತೇವೆ? ಅದು ಕೊಯ್ಯುವವರಿಗೆ ತಿಳಿದಿದೆಯೇ?

2. ಕಳೆದ ಮಳೆಗಾಲದಲ್ಲಿ ಕೆಲಸ ಕೆಟ್ಟದ್ದನ್ನು ಯಾರಾದರೂ ತಾವಾಗಿಯೇ ಬಂದು ಹೇಳಿದರೇ? ಹೇಳಿದಾಗ ನಮ್ಮ ಮೊದಲ ಮಾತು ಯಾವುದು?

3. ಧಾರಣೆ ಇಳಿದ ವರ್ಷದಲ್ಲೂ ಬಟವಾಡೆ ಅದೇ ದಿನ ನಡೆಯಿತೇ?

4. ನಾವು ಹದಿನೈದು ದಿನ ಊರಿನಲ್ಲಿ ಇಲ್ಲದಿದ್ದರೆ ತೋಟದಲ್ಲಿ ಯಾವ ಕೆಲಸ ನಿಲ್ಲುತ್ತದೆ, ಯಾವುದು ನಡೆಯುತ್ತದೆ?