ಮೊದಲು ಕೆಳಗಿನವರ ಹೆಸರು ಬರೆದುಕೊ

ನಿಮ್ಮ ಬಿಟಿಎಂ ಲೇಔಟ್ ಅಪಾರ್ಟ್‌ಮೆಂಟಿನವರು ಈ ಸಲ ನಿನ್ನನ್ನೇ ಕಾರ್ಯದರ್ಶಿ ಮಾಡಿದರಂತೆ, ಸಂತೋಷ ಕಣಮ್ಮ. ಲಿಫ್ಟು, ಪಾರ್ಕಿಂಗು, ನಾಯಿಯ ಜಗಳ ಇವೆಲ್ಲ ತಾವಾಗಿಯೇ ನಿನ್ನ ಬಾಗಿಲು ತಟ್ಟುತ್ತವೆ. ಮಳೆ ನೀರು ಮಾತ್ರ ಒಳಗೆ ಬಂದ ಮೇಲೇ ನೆನಪಾಗುವಂಥದ್ದು. ಅದಕ್ಕೇ ಈಗ ಹೇಳುತ್ತಿದ್ದೇನೆ.

2019ರ ನವೆಂಬರಿನಲ್ಲಿ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗೆ ನೀರು ನುಗ್ಗಿತು. ಮರುವರ್ಷ ಅಕ್ಟೋಬರಿನಲ್ಲಿ ಬನಶಂಕರಿ ಕಡೆಯ ಹೊಸಕೆರೆಹಳ್ಳಿ, ದತ್ತಾತ್ರೇಯ ನಗರ ಮುಳುಗಿದವು. ಸರ್ಕಾರ ಮನೆಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಘೋಷಣೆ ಆದದ್ದು ಮರುದಿನವೇ. ಆದರೆ ದುಡ್ಡು ಕೈಗೆ ಬರಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮ ಬೇಸ್‌ಮೆಂಟಿನ ಕೋಣೆಯಲ್ಲಿರುವ ವಾಚ್‌ಮನ್ ಕುಟುಂಬದ ಹತ್ತಿರ ಬಾಡಿಗೆ ಕರಾರು ಇದೆಯಾ? ಕರೆಂಟ್ ಬಿಲ್ಲು? ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸವೇ ಇರುತ್ತದೆ. ನೀರು ಮೊದಲು ನುಗ್ಗುವುದು ಅವರ ಕೋಣೆಗೆ, ಸರ್ವೆಯವರು ಬರುವುದು ಮೇಲಿನವರ ಗೇಟಿಗೆ. ಅಂಥವರ ಪರವಾಗಿ ‘ಇವರು ಇಲ್ಲೇ ಇದ್ದಾರೆ’ ಎಂದು ಸಂಘದ ಕಾಗದದಲ್ಲಿ ಸಹಿ ಹಾಕಿಕೊಡುವವಳು ನೀನೇ ಆಗಬೇಕು.

ಇನ್ನೊಂದು ಮಾತು, ಇದು ಜೀವದ ವಿಷಯ. 2025ರ ಮೇ ತಿಂಗಳಲ್ಲಿ ನಿಮ್ಮ ಬಡಾವಣೆಗೆ ಸೇರಿದ ಎನ್.ಎಸ್. ಪಾಳ್ಯದಲ್ಲಿ ಬೇಸ್‌ಮೆಂಟಿನ ನೀರು ಹೊರಹಾಕಲು ಹೋಗಿ ಶಾಕ್ ಹೊಡೆದು ಇಬ್ಬರು ತೀರಿಕೊಂಡರು, ಅದರಲ್ಲೊಬ್ಬ ಇನ್ನೂ ಹುಡುಗ. ನೀರು ನಿಂತಿರುವಾಗ ಮೋಟರಿಗೆ ಯಾರೂ ಕೈ ಹಚ್ಚಕೂಡದು. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸು, ಎಲೆಕ್ಟ್ರಿಷಿಯನ್ ನೋಡಿ ಸರಿ ಎಂದ ಮೇಲೆ ಉಳಿದ ಕೆಲಸ. ಕಾರು ನೆನೆದರೆ ನೆನೆಯಲಿ. ಗಡಿಬಿಡಿ ಮಾಡುವವರನ್ನು ಗದರಿಸು, ವಯಸ್ಸಿನಲ್ಲಿ ದೊಡ್ಡವರಾದರೂ ಪರವಾಗಿಲ್ಲ.

ನೀರು ಇಳಿದ ಮೇಲೆ ಹಾಸಿಗೆ, ಫ್ರಿಜ್ಜು ಬೀದಿಗೆ ಎಸೆಯುವ ಮೊದಲು ಫೋಟೋ ತೆಗೆಸು, ಗೋಡೆಯ ಮೇಲಿನ ನೀರಿನ ಗೆರೆಯೂ ಅದರಲ್ಲಿ ಕಾಣಲಿ. ನೆಲದಡಿಯ ನೀರಿನ ಸಂಪ್‌ಗೆ ಚರಂಡಿ ನೀರು ಸೇರಿರುತ್ತದೆ. ಪೂರ್ತಿ ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ ತೊಳೆಸುವವರೆಗೆ ಆ ನೀರು ಬಾಯಿಗೆ ಬೇಡ. ಕೆಸರು ಎತ್ತುವವರಿಗೆ ಗಂಬೂಟು, ಗ್ಲೌಸು ಕೊಡಿಸು. ಕಾಲಿನ ಗಾಯದ ಮೂಲಕ ಇಲಿಜ್ವರ ಅಂಟಬಹುದು.

ಅಕ್ಕಪಕ್ಕದ ರಸ್ತೆಯವರ ಪರಿಚಯ ಬಿಸಿಲಿದ್ದಾಗಲೇ ಮಾಡಿಕೊ. ನಿಮ್ಮ ಪಂಪಿನ ನೀರನ್ನು ತಗ್ಗಿನ ಮನೆಯವರ ಅಂಗಳಕ್ಕೆ ಬಿಟ್ಟು ನಾವು ಪಾರಾದೆವು ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ನೋಡಿದ್ದೀಯಲ್ಲ? ಒಣಗಿ ಹಾಳಾಗುತ್ತಿದ್ದ ಆ ಕೆರೆಗಾಗಿ 2010ರಲ್ಲಿ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಅದನ್ನು ಉಳಿಸಿಕೊಂಡರು. ನಿಮ್ಮ ಹಿಂದಿನ ರಾಜಕಾಲುವೆಯ ಹೂಳು ಏಪ್ರಿಲ್ ಒಳಗೆ ತೆಗೆಸಲು ಅಂಥದೇ ಹಟ ಬೇಕು. ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ, ಕಚೇರಿಯ ಬೋರ್ಡು ಬದಲಾದರೂ ಬೆನ್ನು ಹತ್ತುವ ಕೆಲಸ ನಮ್ಮದೇ.

ಈ ಭಾನುವಾರ ಮೀಟಿಂಗಿಗೆ ಮೊದಲು ಬೇಸ್‌ಮೆಂಟಿಗೆ ಇಳಿದು ಹೋಗು. ಅಲ್ಲಿ ಎಷ್ಟು ಜನ ಮಲಗುತ್ತಾರೆ, ಅವರ ಹೆಸರೇನು, ನಂಬರೇನು ಕೇಳಿ ಬರೆದುಕೊಂಡು ಬಾ.