‘ಶಿಕಾರಿ’ಯ ಸಹಪಠನ

ಗ್ರಂಥವನ್ನು ಒಬ್ಬನೇ ಕುಳಿತು ಮೌನವಾಗಿ ಓದುವುದು ನಮ್ಮಲ್ಲಿ ಬಹು ಹಳೆಯ ರೂಢಿಯೇನಲ್ಲ. ಗಮಕಿಯು ಕುಮಾರವ್ಯಾಸನ ಭಾರತವನ್ನು ವಾಚಿಸುತ್ತಿರಲು, ಮಗ್ಗುಲಲ್ಲಿ ಕುಳಿತ ವಿದ್ವಾಂಸರು ಅರ್ಥವಿವರಣೆ ಮಾಡುತ್ತಿರಲು, ಊರ ಜನರು ಕೂಡಿ ಕೇಳುತ್ತಿದ್ದುದೇ ನಮ್ಮ ಓದಿನ ಪೂರ್ವಪದ್ಧತಿ. ವಿದ್ವತ್ ತರಗತಿಯಲ್ಲಿ ನಾವು ಪಂಪನನ್ನು ಅಭ್ಯಸಿಸಿದ್ದೂ ಹೀಗೆಯೇ: ಮೊದಲು ಪದಚ್ಛೇದ, ಬಳಿಕ ಅನ್ವಯ, ಆಮೇಲೆ ಅರ್ಥ, ಕಡೆಗೆ ತಾತ್ಪರ್ಯ. ಈ ಕ್ರಮದಿಂದ ಬಿಡಿಸಲಾಗದ ಗಂಟು ಸಾಹಿತ್ಯದಲ್ಲಿ ಇರಲಾರದೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆ ನಂಬಿಕೆಗೆ ಒದಗಿದ ಪೆಟ್ಟನ್ನು ಈ ಸಂಚಿಕೆಯ ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕಳೆದ ಶೈಕ್ಷಣಿಕ ವರ್ಷದಲ್ಲಿ, ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ, ನಮ್ಮ ವಾಚನಾಲಯದಲ್ಲಿ ಏಳು ಮಂದಿ ಸೇರಿ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಆದ್ಯಂತವಾಗಿ ಓದಿದೆವು. ಸಲಹೆ ನಮ್ಮ ಇಂಗ್ಲಿಷ್ ಶಿಕ್ಷಕಿಯರದು. ಅವರು ಇದೇ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವರು. ಹತ್ತನೆಯ ತರಗತಿಯಲ್ಲಿದ್ದಾಗ ನವ್ಯರ ಒಂದು ಕಾದಂಬರಿಯನ್ನು ಹಿಡಿದು ನನ್ನ ಬಳಿ ಬಂದಿದ್ದರಂತೆ. ‘ಅದು ಕಾಲಹರಣ ತಂಗಿ, ಪಾಠ ಓದಿಕೋ’ ಎಂದು ನಾನು ಕಳುಹಿಸಿಬಿಟ್ಟಿದ್ದೆನಂತೆ. ನನಗೆ ನೆನಪಿಲ್ಲ, ಅವರು ಮರೆತಿರಲಿಲ್ಲ.

1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಜನಿಸಿದ ಚಿತ್ತಾಲರು ಮುಂಬಯಿಯಲ್ಲಿ ನೆಲೆಸಿ, ರಾಸಾಯನಿಕ ಉದ್ಯಮದಲ್ಲಿ ದುಡಿದು, 2014ರಲ್ಲಿ ಕಾಲವಶರಾದರು. ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ. ಮುಂಬಯಿಯ ಕಂಪನಿಯೊಂದರಲ್ಲಿ ಹಿರಿಯ ಅಧಿಕಾರಿಯಾದ ನಾಗಪ್ಪನನ್ನು ಯಾವುದೋ ಸಂಶಯದ ಮೇಲೆ ಕೆಲಸದಿಂದ ದೂರವಿಡುತ್ತಾರೆ. ತನ್ನ ಮೇಲಿನ ಆರೋಪವಾದರೂ ಏನು, ಬೇಟೆಗಾರರು ಯಾರು, ಜೊತೆಯವರಲ್ಲಿ ನಂಬತಕ್ಕವರು ಯಾರೆಂದು ಅವನು ತಡಕಾಡುವುದೇ ಕಥಾವಸ್ತು. ವಸ್ತುವನ್ನು ಹೀಗೆ ಎರಡು ಮಾತಿನಲ್ಲಿ ಹೇಳಿಬಿಡಬಹುದು. ಓದುವುದು ಮಾತ್ರ ಅಷ್ಟು ಸುಲಭವಲ್ಲ.

ಮೊದಲ ವಾರ ನನಗೆ ಕೋಪವೇ ಬಂದಿತೆನ್ನಬೇಕು. ಕಂಪನಿ, ಕಾರಖಾನೆಗಳ ಇಂಗ್ಲಿಷ್ ಶಬ್ದಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತಿದ್ದವು. ಅವನ್ನು ವಿಜ್ಞಾನದ ಅಧ್ಯಾಪಕರು ಬಿಡಿಸಿ ಹೇಳಿದರು. ಆದರೆ ಶಬ್ದಾರ್ಥ ತಿಳಿದ ಮೇಲೆಯೂ ಪುಟ ತೆರೆದುಕೊಳ್ಳಲಿಲ್ಲ. ಹಳಗನ್ನಡ ಕಾವ್ಯದ ಕಾಠಿಣ್ಯವು ಬಹುಮಟ್ಟಿಗೆ ಪದದಲ್ಲಿ, ಸಮಾಸದಲ್ಲಿ, ವಾಕ್ಯದ ದೂರಾನ್ವಯದಲ್ಲಿ ಇರುತ್ತದೆ. ಅನ್ವಯ ಕೂಡಿತೆಂದರೆ ಕವಿಯ ಅಭಿಪ್ರಾಯ ಬಹುಪಾಲು ಕೈಗೆ ಸಿಕ್ಕಂತೆಯೇ. ಇಲ್ಲಿ ವಾಕ್ಯವು ಮಕ್ಕಳಿಗೂ ತಿಳಿಯುವಂತಿದ್ದು, ಅದನ್ನು ಆಡಿದವರು ಯಾರೆಂಬುದೇ ಗೂಢ. ನಿರೂಪಕನ ಮಾತು ನಾಗಪ್ಪನ ಮನಸ್ಸಿನೊಳಗಿನ ಮಾತಾಗಿ ಯಾವಾಗ ಹೊರಳಿತು, ಇದು ನಡೆದದ್ದೋ ನೆನೆದದ್ದೋ ಭಯದಿಂದ ಕಲ್ಪಿಸಿಕೊಂಡದ್ದೋ ಎಂಬುದನ್ನು ವಾಚಕನೇ ನಿಶ್ಚಯಿಸಬೇಕು. ಇದಕ್ಕೆ ಪ್ರಜ್ಞಾಪ್ರವಾಹವೆಂದು ವಿಮರ್ಶಕರು ಹೆಸರಿಟ್ಟಿದ್ದಾರೆ. ಹೆಸರು ತಿಳಿದುದರಿಂದ ನಮ್ಮ ಕಷ್ಟವೇನೂ ಕಡಿಮೆಯಾಗಲಿಲ್ಲ.

ದಾರಿ ತೋರಿದ್ದು ಹಳೆಯ ಗಮಕದ ಅಭ್ಯಾಸವೇ. ಕಣ್ಣಿನಲ್ಲಿ ಓದುವಾಗ ತೇಲಿಸಿಕೊಂಡು ಹೋಗಬಹುದಾದ ವಾಕ್ಯವನ್ನು ಗಟ್ಟಿಯಾಗಿ ಓದುವಾಗ ಯಾವುದಾದರೊಂದು ದನಿಯಲ್ಲಿ ಓದಲೇಬೇಕು. ಆದುದರಿಂದ ವಾರಕ್ಕೆ ಹತ್ತೇ ಪುಟವೆಂದು ಗೊತ್ತುಮಾಡಿಕೊಂಡು, ಸರದಿಯಂತೆ ವಾಚನ ಮಾಡತೊಡಗಿದೆವು. ಒಂದೇ ವಾಕ್ಯವನ್ನು ಒಬ್ಬರು ಸಮಾಧಾನದ ವರದಿಯಂತೆ ಓದಿದರೆ, ಮತ್ತೊಬ್ಬರು ಬೆದರಿದವನ ಗೊಣಗಾಟದಂತೆ ಓದಿದರು. ಅಲ್ಲಿಯೇ ಚರ್ಚೆ ಹುಟ್ಟಿತು. ಎಷ್ಟೋ ಶನಿವಾರ ಹತ್ತರಲ್ಲಿ ನಾಲ್ಕು ಪುಟವೂ ಮುಗಿಯುತ್ತಿರಲಿಲ್ಲ.

ನನ್ನಿಂದ ತಪ್ಪು ನಡೆದದ್ದು ಇಲ್ಲಿಯೇ. ಚರ್ಚೆ ಬೆಳೆದಾಗಲೆಲ್ಲ, ಹಿರಿಯನೆಂಬ ಸಲಿಗೆಯಿಂದ, ‘ಇದರ ತಾತ್ಪರ್ಯ ಇಷ್ಟು’ ಎಂದು ತೀರ್ಪು ಕೊಟ್ಟು ಪುಸ್ತಕ ಮುಚ್ಚಿಸುತ್ತಿದ್ದೆ. ಶಿಕ್ಷಕಿಯರು ಕ್ರಮೇಣ ಮೌನವಾದರು. ಆರನೆಯ ವಾರವೋ ಏಳನೆಯ ವಾರವೋ, ನಾಗಪ್ಪನ ಸಂಶಯಗಳೆಲ್ಲ ಕೇವಲ ಚಿತ್ತವಿಭ್ರಮ, ಬಂದೂಕವಾಲಾ ಮೊದಲಾದವರ ಮೇಲೆ ಅವನು ಕಟ್ಟುವ ಸಂಚಿನ ಕಥೆ ರೋಗದ ಲಕ್ಷಣವೆಂದು ನಾನು ಘಂಟಾಘೋಷವಾಗಿ ಹೇಳಿದೆ. ಯಾರೂ ಮಾತಾಡಲಿಲ್ಲ. ಅಂದಿನವರೆಗೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಕೇವಲ ಕೇಳುತ್ತಿದ್ದ ನಮ್ಮ ಗುಮಾಸ್ತರು, ‘ಗುರುಗಳೇ, ತಾವು ಎಂದಾದರೂ ಅಮಾನತಿನಲ್ಲಿ ಇದ್ದಿರೇನು?’ ಎಂದು ಕೇಳಿದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಗೆ ಬರುವ ಮೊದಲು ಬೇರೊಂದು ಕಚೇರಿಯಲ್ಲಿ ಅವರು ಎಂಟು ತಿಂಗಳು ಅಮಾನತಿನಲ್ಲಿದ್ದರು. ಆಪಾದನಾ ಪಟ್ಟಿ ಕೈಗೆ ಬರಲು ಮೂರು ತಿಂಗಳು ಹಿಡಿಯಿತು. ಜೀವನಾಧಾರ ಭತ್ಯೆಯಲ್ಲಿ ಮನೆ ನಡೆಯಬೇಕಾಗಿತ್ತು. ‘ಏನು ತಪ್ಪೆಂದು ಹೇಳದೆ ಕೂರಿಸಿದರೆ ಮನುಷ್ಯ ತಾನೇ ತಪ್ಪನ್ನು ಹುಡುಕಲು ಶುರು ಮಾಡುತ್ತಾನೆ. ಸಂತೆಯಲ್ಲಿ ಯಾರು ನಮಸ್ಕಾರ ಮಾಡಿದರು, ಯಾರು ಮುಖ ತಿರುಗಿಸಿದರು ಎಂದು ರಾತ್ರಿ ಕುಳಿತು ಲೆಕ್ಕ ಹಾಕುತ್ತಿದ್ದೆ. ಅದರಲ್ಲಿ ಅರ್ಧ ನನ್ನ ಭ್ರಮೆಯೇ ಇರಬಹುದು. ಉಳಿದರ್ಧ ನಿಜವಾಗಿತ್ತು. ಯಾವ ಅರ್ಧ ಯಾವುದು ಎಂಬುದು ಆಗ ತಿಳಿಯುತ್ತಿರಲಿಲ್ಲ, ಗುರುಗಳೇ.’ ಆಮೇಲೆ, ನಾನು ತೀರ್ಪು ಕೊಟ್ಟಿದ್ದ ಅದೇ ಪುಟವನ್ನು ತಾವೇ ಓದಿದರು. ಅವರಿಗೆ ವಾಚನಶಾಸ್ತ್ರ ಗೊತ್ತಿಲ್ಲ, ಅಲ್ಲಲ್ಲಿ ತಡವರಿಸಿದರು. ಆ ತಡವರಿಕೆಯೇ ನಾಗಪ್ಪನದಾಗಿತ್ತು.

ಕಾದಂಬರಿಕಾರರು ಭ್ರಮೆಯನ್ನೂ ನಿಜವನ್ನೂ ಬೇರ್ಪಡಿಸದೆ ಏಕೆ ಇಟ್ಟಿದ್ದಾರೆಂಬುದು ನನಗೆ ಅಂದು ಹೊಳೆಯಿತು. ನಾಗಪ್ಪನಿಗೆ ತಿಳಿಯದ್ದನ್ನು ವಾಚಕನಿಗೆ ಮೊದಲೇ ತಿಳಿಸಿಬಿಟ್ಟರೆ, ಬೇಟೆಗೆ ಸಿಕ್ಕವನ ಅವಸ್ಥೆಯನ್ನು ನಾವು ದಡದಲ್ಲಿ ನಿಂತು ನೋಡಿದಂತಾಗುತ್ತದೆ. ಅನ್ವಯ ಕೂಡದಂತೆ ಇಟ್ಟಿರುವುದೂ ಒಂದು ರಚನಾಕೌಶಲ. ನಾನು ತಾತ್ಪರ್ಯವನ್ನು ಅವಸರದಿಂದ ಹೇಳಿದಾಗಲೆಲ್ಲ ಆ ಕೌಶಲವನ್ನೇ ಅಳಿಸುತ್ತಿದ್ದೆ. ಮುಂದಿನ ವಾರದಿಂದ ನನ್ನ ಸರದಿ ಕೊನೆಯದಾಗಿರಲೆಂದು ಕೇಳಿಕೊಂಡೆ. ಶಿಕ್ಷಕಿಯರು ಮತ್ತೆ ಮಾತನಾಡತೊಡಗಿದರು. ಅವರ ಹಲವು ಅಭಿಪ್ರಾಯಗಳನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಅದು ಬೇರೆ ಮಾತು.

ನಮ್ಮ ನಿಧಾನವನ್ನು ಕಂಡು ನಕ್ಕವರಿಗೆ ಒಂದು ಸಂಗತಿ ಹೇಳಬೇಕು. ಐರ್ಲೆಂಡಿನ ಜೇಮ್ಸ್ ಜಾಯ್ಸ್ 1939ರಲ್ಲಿ ಪ್ರಕಟಿಸಿದ ‘ಫಿನೆಗನ್ಸ್ ವೇಕ್’ ಎಂಬ ಅತಿ ಕ್ಲಿಷ್ಟ ಕಾದಂಬರಿಯನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ 1995ರಲ್ಲಿ ಕೆಲವರು ಕೂಡಿ ಓದತೊಡಗಿ, 2023ರಲ್ಲಿ ಮುಗಿಸಿದರು. ಇಪ್ಪತ್ತೆಂಟು ವರ್ಷ! ಆ ಗ್ರಂಥದ ಕಡೆಯ ವಾಕ್ಯವು ಮೊದಲನೆಯ ವಾಕ್ಯಕ್ಕೆ ಹೋಗಿ ಕೂಡಿಕೊಳ್ಳುವುದರಿಂದ, ಅವರು ಮರಳಿ ಮೊದಲ ಪುಟಕ್ಕೇ ಬಂದರು. ನಾವು ಒಂದೇ ವರ್ಷದಲ್ಲಿ ದಡ ಸೇರಿದೆವು.

ಬರುವ ಜೂನ್ ತಿಂಗಳಿನಿಂದ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ಯನ್ನು (1961) ಕೈಗೆತ್ತಿಕೊಳ್ಳಲಿದ್ದೇವೆ. ವಾಚನಾಲಯದಲ್ಲಿ ಒಂದೇ ಪ್ರತಿಯಿದ್ದು, ಅದರ ರಟ್ಟು ಕಳಚಿದೆ. ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಪ್ರತಿಗಳಿದ್ದರೆ ಕಡವಾಗಿ ಕೊಟ್ಟು ಉಪಕರಿಸಬೇಕು. ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದರೂ ಆಗಬಹುದು. ಶನಿವಾರ ಮಧ್ಯಾಹ್ನ ಬಿಡುವಿದ್ದವರು ತಾವೇ ಬಂದು ಕುಳಿತರೆ ಇನ್ನೂ ಸಂತೋಷ. ಬಾಗಿಲ ಬಳಿಯ ಕುರ್ಚಿ ಈಗ ತೆರವಾಗಿದೆ, ಗುಮಾಸ್ತರು ಮೇಜಿನ ಬಳಿಗೆ ಬಂದಿದ್ದಾರೆ.